ಮಗುವಿನ ಸ್ಯಾಂಪಲ್ ಕಲ್ಚರ್‌ಗೆ ಹೋಗುವಾಗ: ಹಿಡಿಯೋದು ಹೇಗೆ, ರಿಪೋರ್ಟ್ ಓದೋದು ಹೇಗೆ

ನಮ್ಮ ಲ್ಯಾಬಿನ ಕಿಟಕಿಗೆ ದಿನಾ ಬೆಳಿಗ್ಗೆ ಏನಾದರೊಂದು ಬರುತ್ತದೆ. ತೊಳೆದ ಟಾನಿಕ್ ಬಾಟಲಿಯಲ್ಲಿ ಯೂರಿನ್. ಡೈಪರ್ ಹಿಂಡಿ ತೆಗೆದ ನಾಲ್ಕು ಹನಿ. ಹಿಂದಿನ ರಾತ್ರಿ ಎಂಟಕ್ಕೆ ಹಿಡಿದು, ಮೇಜಿನ ಮೇಲಿಟ್ಟು ಮಲಗಿ, ಬೆಳಿಗ್ಗೆ ಹತ್ತಕ್ಕೆ ತಂದ ಡಬ್ಬಿ. ತಂದವರ ಮುಖ ನೋಡಿದರೆ ಗೊತ್ತಾಗುತ್ತದೆ, ರಾತ್ರಿಯಿಡೀ ನಿದ್ದೆ ಇಲ್ಲ. ಅವರಿಗೆ "ಇದು ಆಗಲ್ಲ, ಇನ್ನೊಂದು ಹಿಡ್ಕೊಂಡು ಬನ್ನಿ" ಅನ್ನುವುದಕ್ಕೆ ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಆದರೂ ಹೇಳುತ್ತೇನೆ. ಯಾಕೆ ಅಂತ ನನ್ನ ಮನೆಯ ಕಥೆಯಿಂದಲೇ ಶುರು ಮಾಡುತ್ತೇನೆ.

ಮೈಕ್ರೋಬಯಾಲಜಿ ಬೆಂಚಿನಲ್ಲಿ, ಅಂದರೆ ಸ್ಯಾಂಪಲ್‌ನಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ಲೇಟಿನಲ್ಲಿ ಬೆಳೆಸಿ ನೋಡುವ ಕಡೆ (ಕಲ್ಚರ್ ಅಂದರೆ ಇದೇ), ನಾನು ಕೂತು ಇಪ್ಪತ್ತೆರಡು ವರ್ಷ ಆಯಿತು. ನನ್ನ ಮಗಳಿಗೆ ಎಂಟು ತಿಂಗಳಾಗಿದ್ದಾಗ ಸುಡುವ ಜ್ವರ. ಕೆಮ್ಮಿಲ್ಲ, ಶೀತ ಇಲ್ಲ. ಇಂಥ ಜ್ವರ ಬಂದರೆ ಯೂರಿನ್ ನೋಡಲೇಬೇಕು, ಅದು ಸರಿ. ನಾನು ಮಾಡಿದ್ದು ಏನು ಗೊತ್ತಾ? ಅಂಟಿಸುವ ಪ್ಲಾಸ್ಟಿಕ್ ಬ್ಯಾಗ್ ಹಚ್ಚಿ, ಒಂದೂವರೆ ಗಂಟೆ ಬಿಟ್ಟು, ತುಂಬಿದ್ದನ್ನು ಡಬ್ಬಿಗೆ ಸುರಿದು ಲ್ಯಾಬಿಗೆ ತಂದೆ. ಮರುದಿನ ಪ್ಲೇಟ್ ತೆಗೆದು ನೋಡಿದ್ದೂ ನಾನೇ. ಮೂರು ತರಹದ ಬ್ಯಾಕ್ಟೀರಿಯಾ ಬೆಳೆದಿದ್ದವು. ಅದರಲ್ಲಿ ಒಂದು ಇ. ಕೋಲೈ (ಕರುಳಿನಲ್ಲಿರುವ ಬ್ಯಾಕ್ಟೀರಿಯಾ, ಯೂರಿನ್ ಇನ್‌ಫೆಕ್ಷನ್‌ಗೆ ಸಾಮಾನ್ಯ ಕಾರಣ), ಒಂದು ಮಿಲಿಲೀಟರ್‌ಗೆ ಒಂದು ಲಕ್ಷಕ್ಕೂ ಜಾಸ್ತಿ. ಬೇರೆಯವರ ಮಗುವಾಗಿದ್ದರೆ "ಮಿಕ್ಸ್ಡ್ ಗ್ರೋತ್, ಮತ್ತೆ ಕಳಿಸಿ" ಅಂತ ಬರೆದು ಮುಂದೆ ಹೋಗುತ್ತಿದ್ದೆ. ನನ್ನ ಮಗು ನೋಡಿ, ಕೈ ನಡುಗಿತು. ಡಾಕ್ಟರಿಗೆ ಫೋನ್ ಮಾಡಿ "ಇ. ಕೋಲೈ ಇದೆ" ಅಂದೆ. ಉಳಿದ ಎರಡರ ವಿಷಯ ಹೇಳಲೇ ಇಲ್ಲ. ಅಮಾಕ್ಸಿಸಿಲಿನ್ (ಪೆನಿಸಿಲಿನ್ ಕುಟುಂಬದ ಆಂಟಿಬಯಾಟಿಕ್) ಇರುವ ಸಿರಪ್ ಶುರುವಾಯಿತು. ಆಮೇಲೆ ಏನಾಯಿತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಇದಕ್ಕೂ ಮೊದಲು ಒಂದು ಮಾತು. ಮಗುವಿಗೆ ಮೂರು ತಿಂಗಳು ತುಂಬಿಲ್ಲ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂದರೆ ಮನೆಯಲ್ಲಿ ಡಬ್ಬಿ ಹಿಡಿದು ಕೂರಬೇಡಿ. ನೇರ ಆಸ್ಪತ್ರೆಗೆ. ದೊಡ್ಡ ಮಗುವೇ ಆದರೂ ಎಬ್ಬಿಸಿದರೆ ಸರಿಯಾಗಿ ಏಳುತ್ತಿಲ್ಲ, ಹಾಲು ಕುಡಿಯುತ್ತಿಲ್ಲ, ಉಸಿರಾಟ ಜೋರಾಗಿದೆ ಅನ್ನಿಸಿದರೂ ಅಷ್ಟೇ. ಅಲ್ಲಿ ಅವರೇ ಸಣ್ಣ ನಳಿಕೆ ಹಾಕಿ ಯೂರಿನ್ ತೆಗೆಯುತ್ತಾರೆ. ನೋಡುವವರಿಗೆ ಸಂಕಟ, ನಿಜ. ಆದರೆ ಲ್ಯಾಬಿಗೆ ಬರುವ ಅತಿ ಒಳ್ಳೆಯ ಸ್ಯಾಂಪಲ್‌ಗಳಲ್ಲಿ ಅದೂ ಒಂದು.

ಯೂರಿನ್ ಹಿಡಿಯುವುದು

ಬ್ಯಾಗ್‌ನ ತೊಂದರೆ ಏನು? ಇನ್‌ಫೆಕ್ಷನ್ ಇಲ್ಲದಿದ್ದರೆ ಮೂತ್ರಕೋಶದಿಂದ ಯೂರಿನ್ ಹೆಚ್ಚುಕಡಿಮೆ ಶುದ್ಧವಾಗಿಯೇ ಬರುತ್ತದೆ. ಬ್ಯಾಗಿಗೆ ಬೀಳುವ ಮೊದಲು ಚರ್ಮದ ಮೇಲೆಲ್ಲ ಹರಿಯುತ್ತದೆ, ಆಮೇಲೆ ಅಲ್ಲೇ ಬೆಚ್ಚಗೆ ನಿಲ್ಲುತ್ತದೆ. ಡೈಪರ್ ಹಾಕುವ ಜಾಗದಲ್ಲಿ ಮಲದ ಬ್ಯಾಕ್ಟೀರಿಯಾ ಇರುವುದು ಸಹಜ. ಎಲ್ಲ ಸೇರಿಕೊಂಡು ಬರುತ್ತವೆ. ಹಾಗಾಗಿ ಬ್ಯಾಗ್ ಸ್ಯಾಂಪಲ್ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ ಅಂದರೆ ನಂಬಬಹುದು. ಬೆಳೆಯಿತು ಅಂದರೆ ಅದು ಒಳಗಿನದೋ ಹೊರಗಿನದೋ ಹೇಳುವುದಕ್ಕೆ ಆಗುವುದಿಲ್ಲ. ಡೈಪರ್ ಹಿಂಡಿದ್ದು, ಹತ್ತಿ ಇಟ್ಟು ಹಿಂಡಿದ್ದು ಇದಕ್ಕಿಂತ ಕಡೆ.

ಮಾಡಬೇಕಾದ್ದು ಇಷ್ಟು. ಮೊದಲು ನಿಮ್ಮ ಕೈ ತೊಳೆಯಿರಿ. ಮಗುವಿನ ಆ ಜಾಗವನ್ನು ಸೋಪು ನೀರಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವ ಹಾಗೆ ಬರೀ ನೀರು ಹಾಕಿ, ಒರೆಸಿ. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೆ ಮಾತ್ರ. ಗಂಡುಮಗುವಾದರೆ ಮುಂದೊಗಲು ತಾನಾಗಿ ಎಷ್ಟು ಸರಿಯುತ್ತದೋ ಅಷ್ಟೇ, ಎಳೆಯಬೇಡಿ. ಡೆಟಾಲ್ ಥರದ್ದು ಏನೂ ಬೇಡ. ಒಂದು ಹನಿ ಡಬ್ಬಿಗೆ ಬಿದ್ದರೂ ನಾವು ಹುಡುಕುತ್ತಿರುವ ಬ್ಯಾಕ್ಟೀರಿಯಾವನ್ನೇ ಅದು ಕೊಲ್ಲಬಹುದು.

ತೊಳೆಯುವುದು ಸುಮ್ನೆ ಶಾಸ್ತ್ರಕ್ಕೆ ಅಂದುಕೊಳ್ಳಬೇಡಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಟಾಯ್ಲೆಟ್ ಅಭ್ಯಾಸ ಆಗಿದ್ದ ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಅರ್ಧ ಮಕ್ಕಳು ಸೋಪಿನಿಂದ ತೊಳೆದುಕೊಂಡು ಸ್ಯಾಂಪಲ್ ಕೊಟ್ಟರು, ಉಳಿದರ್ಧ ಹಾಗೇ ಕೊಟ್ಟರು. ತೊಳೆಯದವರಲ್ಲಿ ಶೇ. 23.9ರಷ್ಟು ಸ್ಯಾಂಪಲ್ ಕೆಟ್ಟಿದ್ದವು, ತೊಳೆದವರಲ್ಲಿ ಶೇ. 7.8. ಒಂದು ಚೂರು ಸೋಪಿಗೆ ಇಷ್ಟು ವ್ಯತ್ಯಾಸ.

ಇನ್ನು ಹಿಡಿಯುವುದು. ದೊಡ್ಡ ಮಕ್ಕಳಿಗೆ ಸುಲಭ: ಮೊದಲ ಧಾರೆ ಟಾಯ್ಲೆಟ್‌ಗೆ ಹೋಗಲಿ, ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ಆ ಮೊದಲ ಧಾರೆ ಬಾಗಿಲು ತೊಳೆದ ನೀರಿದ್ದ ಹಾಗೆ, ನಮಗೆ ಬೇಡ. ಕೂಸುಗಳ ವಿಷಯದಲ್ಲಿ ತಾಳ್ಮೆ ಬೇಕು. ಹಾಲು ಕುಡಿಸಿ ಇಪ್ಪತ್ತು ನಿಮಿಷ ಬಿಟ್ಟು ಡೈಪರ್ ಬಿಚ್ಚಿ. ಒಬ್ಬರು ಮಗುವನ್ನು ಹಿಡಿದುಕೊಳ್ಳಲಿ, ಇನ್ನೊಬ್ಬರು ಮುಚ್ಚಳ ತೆಗೆದ ಸ್ಟೆರೈಲ್ ಡಬ್ಬಿ ಹಿಡಿದು ಕಾಯಲಿ. ಕಾಯುವ ಕೆಲಸ ಕೊಟ್ಟವರು ಫೋನ್ ನೋಡುತ್ತಾ ಕೂತರೆ ಮುಗಿಯಿತು, ಆ ಕ್ಷಣದಲ್ಲೇ ಮಗು ಮಾಡುತ್ತದೆ!

ನನ್ನ ಮಗಳ ಕಾಲಕ್ಕೆ ನನಗೆ ಗೊತ್ತಿಲ್ಲದ ಒಂದು ಉಪಾಯ ಈಗ ಇದೆ. ಗಾಜ್ ಬಟ್ಟೆಯನ್ನು (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ತಣ್ಣನೆಯ ಸಲೈನ್‌ನಲ್ಲಿ ಅದ್ದಿ, ಹೊಕ್ಕುಳಿನ ಕೆಳಗೆ, ಮೂತ್ರಕೋಶ ಇರುವ ಜಾಗದ ಮೇಲೆ ಮೆಲ್ಲಗೆ ಸುತ್ತುಸುತ್ತಾಗಿ ಉಜ್ಜುವುದು. ಐದು ನಿಮಿಷದವರೆಗೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಒಂದರಿಂದ ಹನ್ನೆರಡು ತಿಂಗಳ 354 ಮಕ್ಕಳ ಮೇಲೆ ಇದನ್ನು ನೋಡಿದ್ದಾರೆ, 2017ರಲ್ಲಿ ಪ್ರಕಟವಾಯಿತು. ಐದು ನಿಮಿಷದೊಳಗೆ ಯೂರಿನ್ ಮಾಡಿದವರು ಶೇ. 31, ಸುಮ್ಮನೆ ಕಾದವರಲ್ಲಿ ಶೇ. 12. ಅಂದರೆ ಹತ್ತರಲ್ಲಿ ಏಳು ಮಕ್ಕಳು ಇದಕ್ಕೂ ಬಗ್ಗಲಿಲ್ಲ! ಆದರೂ ನೋವಿಲ್ಲದ ಕೆಲಸ, ಮಾಡಿ ನೋಡಲು ಏನೂ ಅಡ್ಡಿ ಇಲ್ಲ. ಆಗಲೇ ಇಲ್ಲ ಅಂದರೆ ನಳಿಕೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ಡಬ್ಬಿಯ ಒಳಗಡೆ, ಮುಚ್ಚಳದ ಒಳಗಡೆ ಬೆರಳು ತಾಗಿಸಬೇಡಿ. ಮುಚ್ಚಳವನ್ನು ಅಂಗಾತ ಇಡಿ, ಕವುಚಿ ಇಡಬೇಡಿ. ಡಬ್ಬಿ ತುಂಬಬೇಕಾಗಿಲ್ಲ. ಅಪ್ಪ ಅಮ್ಮ ತುಂಬಾ ಕಡಿಮೆ ಆಯಿತು ಅಂತ ಕೊರಗುತ್ತಾರೆ, ಕಲ್ಚರ್ ಪ್ಲೇಟಿಗೆ ನಾವು ಹಚ್ಚುವುದು ಒಂದು ಮಿಲಿಲೀಟರ್‌ನ ಸಾವಿರದಲ್ಲೊಂದು ಭಾಗ! ಆದರೆ ಲ್ಯಾಬಿನವರು ಬೋರಿಕ್ ಆಸಿಡ್ ಪುಡಿ ಇರುವ ಟ್ಯೂಬ್ ಕೊಟ್ಟಿದ್ದರೆ ಮಾತ್ರ ಗೆರೆಯವರೆಗೆ ತುಂಬಿ. ಯೂರಿನ್ ಕಮ್ಮಿಯಾದರೆ ಪುಡಿಯ ಪ್ರಮಾಣ ಜಾಸ್ತಿಯಾಗಿ ಬ್ಯಾಕ್ಟೀರಿಯಾಕ್ಕೇ ಪೆಟ್ಟು ಬೀಳುತ್ತದೆ.

ಗಡಿಯಾರ

ಇದೊಂದನ್ನು ದಯವಿಟ್ಟು ನೆನಪಿಡಿ. ಅನುಕೂಲ ಸಿಕ್ಕರೆ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಇದ್ದದ್ದು ಒಂದು ಗಂಟೆಯಲ್ಲಿ ಎಂಟು. ಎರಡು ಗಂಟೆಗೆ 64. ನಾಲ್ಕು ಗಂಟೆಗೆ 4,096. ಮೇಜಿನ ಮೇಲಿನ ಡಬ್ಬಿಯಲ್ಲಿ ಇಷ್ಟು ವೇಗ ಇರುವುದಿಲ್ಲ, ಆದರೆ ನಿಲ್ಲುವುದೂ ಇಲ್ಲ. ಚರ್ಮದಿಂದ ಬಿದ್ದ ನಾಲ್ಕಾರು ಬ್ಯಾಕ್ಟೀರಿಯಾ ಬೆಳಗಾಗುವುದರೊಳಗೆ ದೊಡ್ಡ ಇನ್‌ಫೆಕ್ಷನ್ ಥರ ಕಾಣುತ್ತವೆ. ಹಾಗಾಗಿ ಎರಡು ಗಂಟೆಯೊಳಗೆ ಲ್ಯಾಬಿಗೆ. ಆಗದಿದ್ದರೆ ಡಬ್ಬಿಯನ್ನು ಒಂದು ಕವರಿನೊಳಗೆ ಹಾಕಿ ಫ್ರಿಜ್‌ನಲ್ಲಿಡಿ, 24 ಗಂಟೆಯೊಳಗೆ ತಲುಪಿಸಿ. ಫ್ರೀಜರ್‌ನಲ್ಲಿ ಅಲ್ಲ, ಫ್ರಿಜ್‌ನಲ್ಲಿ. ಹಿಡಿದ ಟೈಮ್ ಡಬ್ಬಿಯ ಮೇಲೆ ಬರೆಯಿರಿ. ನಿಜವಾದ ಟೈಮ್ ಬರೆಯಿರಿ ಅಂತಲೂ ಹೇಳಬೇಕು, ಯಾಕೆಂದರೆ ಬೈಯುತ್ತಾರೆ ಅಂತ ಜನ ಸುಳ್ಳು ಬರೆಯುತ್ತಾರೆ.

ಆಂಟಿಬಯಾಟಿಕ್ ಶುರುವಾಗುವ ಮೊದಲೇ ಸ್ಯಾಂಪಲ್ ಹಿಡಿಯಬೇಕು. ಒಂದೆರಡು ಡೋಸ್ ಸಾಕು, ಯೂರಿನ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ಮನೆಯಲ್ಲಿ ಉಳಿದ ಹಳೇ ಸಿರಪ್ ಒಂದು ಚಮಚ ಕೊಟ್ಟಿದ್ದರೂ ಮುಚ್ಚಿಡದೆ ಹೇಳಿ. ಆದರೆ ಇದು ಡಾಕ್ಟರು ಕೊಟ್ಟ ಔಷಧಿ ನಿಲ್ಲಿಸಲು ಕಾರಣ ಅಲ್ಲ. ಮಗು ತುಂಬಾ ಬಸವಳಿದಿದ್ದರೆ ಔಷಧಿ ಮೊದಲು, ನಮ್ಮ ಪ್ಲೇಟ್ ಆಮೇಲೆ.

ಚರ್ಮ, ಕೀವು, ಗಂಟಲು

ಚರ್ಮದ ಸ್ಯಾಂಪಲ್ ಬಹಳ ಸಲ ನರ್ಸ್ ಅಥವಾ ಡಾಕ್ಟರೇ ತೆಗೆಯುತ್ತಾರೆ, ಆದರೆ ನೀವು ಪಕ್ಕದಲ್ಲಿ ನಿಂತು ನೋಡುವುದು ತಪ್ಪಲ್ಲ. ಮಕ್ಕಳ ಮೂಗಿನ ಕೆಳಗೆ, ಬಾಯಿಯ ಸುತ್ತ ಜೇನುಬಣ್ಣದ ಹಕ್ಕಳೆ ಕಟ್ಟುತ್ತದಲ್ಲ, ಇಂಪೆಟಿಗೊ, ಅದಕ್ಕೆ ಕಾರಣ ಸಾಮಾನ್ಯವಾಗಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಅಥವಾ ಸ್ಟ್ರೆಪ್ಟೋಕಾಕಸ್ ಪಯೋಜಿನಿಸ್ ಎಂಬ ಬ್ಯಾಕ್ಟೀರಿಯಾ (ಚಿಕ್ಕದಾಗಿ ಸ್ಟ್ಯಾಫ್, ಸ್ಟ್ರೆಪ್). ಎಷ್ಟೋ ಸಲ ನೋಡಿದ ಕೂಡಲೇ ಡಾಕ್ಟರಿಗೆ ಗೊತ್ತಾಗುತ್ತದೆ, ಕಲ್ಚರ್ ಬೇಕೇ ಆಗುವುದಿಲ್ಲ. ಬೇಕಾದರೆ ಒಣಗಿದ ಹಕ್ಕಳೆಯ ಮೇಲೆ ಹತ್ತಿಕಡ್ಡಿ ಆಡಿಸಿ ಪ್ರಯೋಜನವಿಲ್ಲ. ಸಲೈನ್‌ನಿಂದ ಒದ್ದೆ ಮಾಡಿ, ಹಕ್ಕಳೆ ಮೆಲ್ಲಗೆ ಎತ್ತಿ, ಅದರಡಿಯ ಹಸಿ ಜಾಗದಿಂದ ತೆಗೆಯಬೇಕು.

ಕುರು ಆಗಿದ್ದರೆ ಮನೆಯಲ್ಲಿ ಹಿಂಡಬೇಡಿ. ಡಾಕ್ಟರು ಬಿಡಿಸಿದಾಗ ಬರುವ ಕೀವನ್ನು ಸಿರಿಂಜಿನಲ್ಲೋ ಸ್ಟೆರೈಲ್ ಡಬ್ಬಿಯಲ್ಲೋ ಕಳಿಸಿ ಅಂತ ಕೇಳಿ. ಅರ್ಧ ಮಿಲಿಲೀಟರ್ ಕೀವು ನನ್ನ ಕೈಗೆ ಸಿಕ್ಕರೆ ಹತ್ತು ಹತ್ತಿಕಡ್ಡಿಗಿಂತ ಜಾಸ್ತಿ ಹೇಳಬಲ್ಲೆ. ಕಡ್ಡಿಯೇ ಆದರೆ ಅದು ಒಣಗದ ಹಾಗೆ ಜೆಲ್ ಇರುವ ಟ್ಯೂಬಿನಲ್ಲಿ ಬರಲಿ.

ಎಗ್ಜಿಮಾ (ತುರಿಕೆಯ ಚರ್ಮರೋಗ) ಇರುವ ಮಗುವಿನ ಚರ್ಮದ ಸ್ವ್ಯಾಬ್, ಅಂದರೆ ಹತ್ತಿಕಡ್ಡಿಯ ಸ್ಯಾಂಪಲ್, ವಿಷಯ ಬೇರೆ. ಅಲ್ಲಿ ಸ್ಟ್ಯಾಫ್ ಆರಿಯಸ್ ಸುಮ್ನೆ ಬಿಡಾರ ಹೂಡಿರುವುದು ತುಂಬಾ ಸಾಮಾನ್ಯ. ಅಷ್ಟೇಕೆ, ಆರೋಗ್ಯವಾಗಿರುವ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲೂ ಅದು ಇರುತ್ತದೆ. ಗಂಟಲೂ ಹಾಗೇ. ಏನೂ ಕಾಯಿಲೆ ಇಲ್ಲದ ನೂರು ಮಕ್ಕಳ ಗಂಟಲು ನೋಡಿದರೆ ಹತ್ತು ಹನ್ನೆರಡು ಮಕ್ಕಳಲ್ಲಿ ಸ್ಟ್ರೆಪ್ ಸಿಗುತ್ತದೆ. ಬೆಳೆದದ್ದೆಲ್ಲ ಕಾಯಿಲೆ ಅಲ್ಲ. ಅದಕ್ಕೇ ಮೂಗು ಸೋರುತ್ತಾ, ಕೆಮ್ಮುತ್ತಾ, ಆಡಿಕೊಂಡಿರುವ ಮಗುವಿಗೆ ಗಂಟಲು ಸ್ವ್ಯಾಬ್ ಬೇಡ ಅಂತ ಡಾಕ್ಟರು ಹೇಳಿದರೆ ಜಗಳ ಮಾಡಬೇಡಿ. ಬೇಕು ಅಂದರೆ, ಎರಡೂ ಟಾನ್ಸಿಲ್ ಮತ್ತು ಗಂಟಲ ಹಿಂಭಾಗಕ್ಕೆ ಕಡ್ಡಿ ತಾಗಬೇಕು, ನಾಲಿಗೆಗೆ ತಾಗಬಾರದು. ಮಗು ಓಕರಿಸಿತು ಅಂದರೆ ಸರಿಯಾದ ಜಾಗಕ್ಕೆ ಹೋಗಿದೆ ಅಂತ ಅರ್ಥ.

ಹುಳುಕಡ್ಡಿಗೆ ಕಲ್ಚರ್ ಬರೆದಿದ್ದರೆ, ಕ್ರೀಮ್ ಯಾವಾಗಿಂದ ನಿಲ್ಲಿಸಬೇಕು ಅಂತ ಮೊದಲೇ ಕೇಳಿಕೊಳ್ಳಿ. ಉಂಗುರದ ನಡುವಿನ ವಾಸಿಯಾದ ಜಾಗದಲ್ಲಿ ಏನೂ ಸಿಗುವುದಿಲ್ಲ, ಕೆಂಪಗೆ ಉಬ್ಬಿದ ಅಂಚಿನಲ್ಲಿ ಕೆರೆದ ಹೊಟ್ಟು ಬೇಕು. ಅದನ್ನು ಕಪ್ಪು ಕಾಗದದಲ್ಲಿ ಮಡಚಿ ಕಳಿಸುವ ರೂಢಿ ಇದೆ, ಬಿಳೀ ಹೊಟ್ಟು ಕಪ್ಪಿನ ಮೇಲೆ ಚೆನ್ನಾಗಿ ಕಾಣುತ್ತದೆ ಅಂತ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ಅದೇ ದಿನ ನೋಡಬಹುದು. ಕಲ್ಚರ್ ಮಾತ್ರ ನಾಲ್ಕು ವಾರದವರೆಗೂ ಹಿಡಿಯಬಹುದು. ಶಿಲೀಂಧ್ರಕ್ಕೆ ಅವಸರ ಗೊತ್ತಿಲ್ಲ. ಸ್ಟೆರಾಯ್ಡ್ ಸೇರಿದ ಕ್ರೀಮ್ ಹಚ್ಚಿದ್ದರೆ ಅದನ್ನೂ ಹೇಳಿ, ಉಂಗುರದ ಆಕಾರವೇ ಕೆಟ್ಟು ನೋಡಿದವರೆಲ್ಲ ತಪ್ಪುತ್ತಾರೆ.

ಮಲದ ಸ್ಯಾಂಪಲ್‌ಗೆ ಎರಡೇ ಮಾತು: ಯೂರಿನ್ ಬೆರೆಯಬಾರದು, ರಕ್ತ ಅಥವಾ ಲೋಳೆ ಕಂಡರೆ ಆ ಭಾಗವನ್ನೇ ತೆಗೆದು ಹಾಕಿ.

ಪ್ಲೇಟಿನ ಮುಂದೆ

ನೀವು ಕೊಟ್ಟು ಹೋದ ಮೇಲೆ ಏನಾಗುತ್ತದೆ ಅಂತ ಒಂಚೂರು ತೋರಿಸುತ್ತೇನೆ. ಒಂದು ಮೈಕ್ರೋಲೀಟರ್ ಹಿಡಿಯುವ ಸಣ್ಣ ಬಳೆಯಂಥ ಲೂಪ್ ಅನ್ನು ಯೂರಿನ್‌ನಲ್ಲಿ ಅದ್ದಿ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟಿನ ಮೇಲೆ ಎಳೆಯುತ್ತೇವೆ. (ಈ ಅಗಾರ್ ಐಡಿಯಾ ಬಂದದ್ದು ಜರ್ಮನಿಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಲ್ಯಾಬಿನಲ್ಲಿ, 1881ರ ಸುಮಾರಿಗೆ, ಫ್ಯಾನಿ ಹೆಸ್ಸೆ ಎಂಬ ಹೆಣ್ಣುಮಗಳಿಂದ. ಅಡುಗೆಮನೆಯಲ್ಲಿ ಜೆಲ್ಲಿ ಮಾಡಿ ಗೊತ್ತಿದ್ದವರು. ಕಾಖ್ ಅವರ ಸಹಾಯಕ ಪೆಟ್ರಿಯ ಹೆಸರು ತಟ್ಟೆಗೆ ಬಿತ್ತು, ಇವರ ಹೆಸರು ಯಾರಿಗೂ ನೆನಪಿಲ್ಲ.) 35ರಿಂದ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ಬೆಚ್ಚನೆಯ ಗಾಳಿಯ ಜೊತೆ ವಾಸನೆ ಬರುತ್ತದೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಆದರೆ ಮೀನಿನ ವಾಸನೆ, ಸ್ಯೂಡೋಮೊನಾಸ್ ಎಂಬುದಾದರೆ ದ್ರಾಕ್ಷಿ. ಮೂಸಬಾರದು ಅಂತ ನಿಯಮ ಇದೆ. ಮೂಗಿಗೆ ನಿಯಮ ಗೊತ್ತಿಲ್ಲ. ನಾವು ಬಳಸುವ ಪ್ಲೇಟಿನಲ್ಲಿ ಇ. ಕೋಲೈ ಹಳದಿ ಚುಕ್ಕೆಗಳಾಗಿ ಕಾಣುತ್ತದೆ. ಒಂದು ಚುಕ್ಕೆ ಅಂದರೆ ಒಂದು ಮಿಲಿಲೀಟರ್‌ಗೆ 1,000 ಬ್ಯಾಕ್ಟೀರಿಯಾ ಅಂತ ಲೆಕ್ಕ. ನೂರು ಚುಕ್ಕೆ ಇದ್ದರೆ ಒಂದು ಲಕ್ಷ.

ರಿಪೋರ್ಟಿನಲ್ಲಿ ಬರುವ "ಒಂದು ಲಕ್ಷ ಸಿಎಫ್‌ಯು" ಇದೇ (ಸಿಎಫ್‌ಯು ಅಂದರೆ ಚುಕ್ಕೆಯಾಗಿ ಬೆಳೆಯಬಲ್ಲ ಬ್ಯಾಕ್ಟೀರಿಯಾದ ಲೆಕ್ಕ). ಈ ಗಡಿ 1956ರಲ್ಲಿ ಬಾಸ್ಟನ್ನಿನ ಎಡ್ವರ್ಡ್ ಕಾಸ್ ಅವರ ಕೆಲಸದಿಂದ ಬಂದದ್ದು, ಅದೂ ದೊಡ್ಡವರ ಸ್ಯಾಂಪಲ್‌ಗಳಿಂದ. ಅದು ಕಲ್ಲಿನಲ್ಲಿ ಕೆತ್ತಿದ ಗೆರೆ ಅಲ್ಲ. ನಳಿಕೆಯಿಂದ ತೆಗೆದದ್ದಾದರೆ ಎರಡು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ 50,000 ಇದ್ದರೂ ಸಾಕು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲಿ ಹೇಳಿತು. ಜೊತೆಗೆ ಯೂರಿನ್‌ನಲ್ಲಿ ಕೀವಿನ ಕಣಗಳೋ ಬ್ಯಾಕ್ಟೀರಿಯಾವೋ ಕಾಣಬೇಕು ಅಂತಲೂ ಸೇರಿಸಿತು. ಹಾಗಾಗಿ ಸಂಖ್ಯೆ ಒಂದನ್ನೇ ನೋಡಬೇಡಿ. ಸ್ಯಾಂಪಲ್ ಹೇಗೆ ತೆಗೆದದ್ದು? ಪಸ್ ಸೆಲ್ಸ್, ಅಂದರೆ ಆ ಕೀವಿನ ಕಣ, ಇದೆಯಾ? ಒಂದೇ ಬ್ಯಾಕ್ಟೀರಿಯಾನಾ, ಮೂರಾ? ಈ ಮೂರು ಪ್ರಶ್ನೆ ಕೇಳಿ. "ಮಿಕ್ಸ್ಡ್ ಗ್ರೋತ್" ಅಂತ ಬರೆದಿದ್ದರೆ ಮೂರು ಕಾಯಿಲೆ ಅಂತಲ್ಲ. ಬಹುಮಟ್ಟಿಗೆ ಸ್ಯಾಂಪಲ್ ಸರಿ ಬಂದಿಲ್ಲ ಅಂತ.

ಅದರ ಕೆಳಗೆ ಔಷಧಿಗಳ ಪಟ್ಟಿ, ಎದುರಿಗೆ ಎಸ್, ಐ, ಆರ್ ಅಕ್ಷರಗಳು. ಎಸ್ ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ, ಐ ಅಂದರೆ ನಡುವಿನದು. ಔಷಧಿ ಹಾಕಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಪ್ಲೇಟಿನ ಮೇಲಿಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತೇವೆ. ಕರ್ಬಿ-ಬಾಯರ್ ವಿಧಾನ, 1966ರದ್ದು, ಇಂದಿಗೂ ನಡೆಯುತ್ತಿದೆ. ಕೆಲವು ಲ್ಯಾಬ್‌ಗಳು ಆ ಮಿಲಿಮೀಟರ್ ಸಂಖ್ಯೆಯನ್ನೂ ಹಾಕುತ್ತವೆ, ಆಗ ಓದುವವರು ದೊಡ್ಡ ಸಂಖ್ಯೆ ಹುಡುಕುತ್ತಾರೆ. ಅದು ತಪ್ಪು. ಬಹಳ ಲ್ಯಾಬ್‌ಗಳು ಅನುಸರಿಸುವ ಸಿಎಲ್‌ಎಸ್‌ಐ (ಲ್ಯಾಬ್‌ಗಳಿಗೆ ಮಾನದಂಡ ಕೊಡುವ ಅಮೆರಿಕದ ಸಂಸ್ಥೆ) ಕೋಷ್ಟಕದ ಪ್ರಕಾರ ಇ. ಕೋಲೈಗೆ ನೈಟ್ರೋಫ್ಯುರಾಂಟಾಯಿನ್ 18 ಮಿಲಿಮೀಟರ್ ಬಂದರೆ ಎಸ್. ಸೆಫೋಟಾಕ್ಸಿಮ್ 24 ಬಂದರೂ ಐ, ಯಾಕೆಂದರೆ ಅದಕ್ಕೆ 26 ಬೇಕು. ಪ್ರತಿ ಔಷಧಿಗೂ ಅದರದ್ದೇ ಅಳತೆಗೋಲು.

ಎಸ್ ಇದ್ದರೆ ಅದನ್ನೇ ಕೊಡಬೇಕು ಅಂತಲೂ ಅಲ್ಲ. ಅದೇ ನೈಟ್ರೋಫ್ಯುರಾಂಟಾಯಿನ್ ಯೂರಿನ್‌ನಲ್ಲಿ ಚೆನ್ನಾಗಿ ಸೇರುತ್ತದೆ, ಕಿಡ್ನಿಯ ಒಳಗೆ ಸಾಕಷ್ಟು ಹೋಗುವುದಿಲ್ಲ. ಜ್ವರ ಇರುವ ಮಗುವಿಗೆ ಅದು ಸಾಲದು. ಪ್ಲೇಟಿಗೆ ಮಗು ಕಾಣುವುದಿಲ್ಲ, ಡಾಕ್ಟರಿಗೆ ಕಾಣುತ್ತದೆ. ಸ್ಟ್ಯಾಫ್ ರಿಪೋರ್ಟಿನಲ್ಲಿ ಸೆಫಾಕ್ಸಿಟಿನ್ ಎದುರು ಆರ್ ಇದ್ದರೆ ಅದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ನಂಥ ಔಷಧಿಗೆ ಬಗ್ಗದ ಸ್ಟ್ಯಾಫ್, ಎಂಬ ಸುಳಿವು. ಆ ಒಂದು ಬಿಲ್ಲೆ ಇಡೀ ಪೆನಿಸಿಲಿನ್ ಕುಟುಂಬದ ಪರವಾಗಿ ಉತ್ತರ ಹೇಳುತ್ತದೆ.

ಫಾರ್ಮ್ ತುಂಬುವಾಗ

ಈಗ ನನ್ನ ಮಗಳ ಕಥೆಯ ಉಳಿದರ್ಧ. ಸಿರಪ್ ಶುರುವಾಗಿ ಎರಡನೇ ದಿನಕ್ಕೆ, ಅಂದರೆ ಜ್ವರದ ನಾಲ್ಕನೇ ದಿನಕ್ಕೆ, ಮೈ ತಣ್ಣಗಾಯಿತು. ಅವತ್ತೇ ಹೊಟ್ಟೆ ಬೆನ್ನ ಮೇಲೆಲ್ಲ ಗುಲಾಬಿ ಬಣ್ಣದ ಗಂಧೆ. ಔಷಧಿ ಅಲರ್ಜಿ ಅಂತ ಸಿರಪ್ ನಿಲ್ಲಿಸಿದರು, ಫೈಲಿನ ಮೇಲೆ ಕೆಂಪು ಇಂಕಿನಲ್ಲಿ "ಪೆನಿಸಿಲಿನ್ ಅಲರ್ಜಿ" ಅಂತ ಬರೆದರು. ಮೂರು ನಾಲ್ಕು ದಿನ ಜೋರು ಜ್ವರ, ಜ್ವರ ಇಳಿದ ಕೂಡಲೇ ಗಂಧೆ: ಇದು ರೋಸಿಯೋಲಾ, ವೈರಸ್‌ನಿಂದ ಬರುವುದು, ಆ ವಯಸ್ಸಿನ ಮಕ್ಕಳಲ್ಲಿ ತೀರಾ ಸಾಮಾನ್ಯ. ಓದಿದ್ದೆ, ಗೊತ್ತಿತ್ತು, ಆಗ ಹೊಳೆಯಲಿಲ್ಲ. ಇ. ಕೋಲೈ ಬಹುಶಃ ಬ್ಯಾಗಿನದು.

ಆ ಕೆಂಪು ಇಂಕು ಒಂಬತ್ತು ವರ್ಷ ಅವಳ ಜೊತೆ ಬಂತು. ಕಿವಿ ನೋವಿಗೆ, ಗಂಟಲು ನೋವಿಗೆ, ಪ್ರತಿ ಸಲವೂ ಬೇರೆ ಔಷಧಿ, ಜಾಸ್ತಿ ಘಾಟಿನದು.

ಹಾಗಾಗಿ ಫಾರ್ಮಿನಲ್ಲಿ "ಅಲರ್ಜಿ" ಅನ್ನುವ ಜಾಗ ಬಂದಾಗ ಬರೀ "ಇದೆ" ಅಂತ ಬರೆಯಬೇಡಿ. ಯಾವ ಔಷಧಿ, ಎಷ್ಟನೇ ದಿನ, ಗಂಧೆ ಹೇಗಿತ್ತು, ತುರಿಕೆ ಇತ್ತಾ, ತುಟಿ ಮುಖ ಊದಿತ್ತಾ, ಉಸಿರು ಕಟ್ಟಿತ್ತಾ, ಜ್ವರ ಆಗ ಇತ್ತಾ ಬಿಟ್ಟಿತ್ತಾ. ಫೋಟೋ ಇದ್ದರೆ ಇಟ್ಟುಕೊಳ್ಳಿ. ಅದರ ಪಕ್ಕದಲ್ಲೇ ಸ್ಯಾಂಪಲ್ ಹೇಗೆ ಹಿಡಿದಿರಿ, ಎಷ್ಟು ಗಂಟೆಗೆ ಅನ್ನುವುದನ್ನೂ ಬರೆಯಿರಿ. ಬ್ಯಾಗ್ ಅಂದರೆ ಬ್ಯಾಗ್ ಅಂತಲೇ ಬರೆಯಿರಿ. ಆ ಒಂದು ಪದ ಇದ್ದರೆ ನನ್ನಂಥವರು ಪ್ಲೇಟನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ.

ಮಗಳಿಗೆ ಒಂಬತ್ತು ತುಂಬಿದ ಮೇಲೆ ಅಲರ್ಜಿ ತಜ್ಞರು ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಅಮಾಕ್ಸಿಸಿಲಿನ್ ಕೊಟ್ಟು ನೋಡಿದರು, ಮೊದಲು ಒಂಚೂರು, ಆಮೇಲೆ ಪೂರ್ತಿ ಡೋಸ್. ಇದನ್ನು ಮನೆಯಲ್ಲಿ ಮಾಡುವ ಹಾಗಿಲ್ಲ. ಅವಳು ಕಥೆಪುಸ್ತಕ ಓದುತ್ತಾ ಕೂತಿದ್ದಳು, ನಾನು ಅವಳ ಕುತ್ತಿಗೆಯನ್ನೇ ನೋಡುತ್ತಾ ಕೂತಿದ್ದೆ. ಸಂಜೆಯವರೆಗೂ ಏನೂ ಆಗಲಿಲ್ಲ. ಕೆಂಪು ಇಂಕಿನ ಮೇಲೆ ಅಡ್ಡಗೆರೆ ಎಳೆದು ತಜ್ಞರು ಸಹಿ ಹಾಕಿದರು.